ಚೆನ್ನಾಜಿಯ ಪೂರಿ, ನನ್ನ ದುರ್ಬೀನು

ನಮ್ಮೂರಿನಲ್ಲಿ ಪೂರಿ ಹೊಡೆಯಲು ಬಾರದ ಗಂಡಿಗೆ ಯಾರೂ ಹೆಣ್ಣು ಕೊಡುವುದಿಲ್ಲ. ಬೇರೆ ಊರುಗಳಲ್ಲಿ ಹುಡುಗನ ಓದು ಕೇಳುತ್ತಾರಂತೆ, ಕೆಲಸ ಕೇಳುತ್ತಾರಂತೆ. ನಮ್ಮಲ್ಲಿ ಅವನನ್ನು ಅಂಗಳದಲ್ಲಿ ನಿಲ್ಲಿಸಿ, ಕೈಗೊಂದು ಬಂದೂಕು ಕೊಟ್ಟು, ಒಳಗೆ ಹುಡುಗಿ ಬಾಣಲೆಗೆ ಪೂರಿ ಬಿಡುವವರೆಗೆ ಕಾಯುತ್ತಾರೆ. ಪೂರಿ ಉಬ್ಬುತ್ತದೆ, ಎಣ್ಣೆ ಬಿಟ್ಟು ಏಳುತ್ತದೆ, ಅಡುಗೆಮನೆಯ ಸೂರಿನಲ್ಲಿರುವ ಪೂರಿಗಂಡಿಯಿಂದ ಹೊರಬಂದು ಆಕಾಶ ಹಿಡಿಯುತ್ತದೆ. ಅದನ್ನು ಹೊಡೆದು ಇಳಿಸಿದರೆ ಹುಡುಗ ಊಟಕ್ಕೂ ಆದ, ಮದುವೆಗೂ ಆದ. ಇಳಿಸದಿದ್ದರೆ ಉಪ್ಪಿಟ್ಟು ತಿಂದು ಹೊರಡಬೇಕು.

ಪೂರಿ ಎಷ್ಟು ಎತ್ತರಕ್ಕೆ ಹೋಗುತ್ತದೆ ಎನ್ನುವುದು ಹಿಟ್ಟು ನಾದಿದ ಕೈಗೆ ಬಿಟ್ಟದ್ದು. ಸೋಮಾರಿಗಳ ಪೂರಿ ಹಂಚಿನ ಮೇಲೆ ಕೂತು ಕಾಗೆಯ ಪಾಲಾಗುತ್ತದೆ. ಹದವಾಗಿ ನಾದಿ, ಹದವಾಗಿ ಲಟ್ಟಿಸಿ, ಕಾದ ಎಣ್ಣೆಗೆ ಬಿಟ್ಟ ಪೂರಿ ತೆಂಗಿನಮರ ದಾಟಿ, ಹದ್ದುಗಳ ಪಕ್ಕದಲ್ಲಿ ಸ್ವಲ್ಪ ಹೊತ್ತು ನಿಂತು, ಆಮೇಲೆ ಗಾಳಿ ಬೀಸಿದ ಕಡೆಗೆ ಹೊರಡುತ್ತದೆ. ಗಾಳಿ ಯಾವಾಗಲೂ ಕರಡಿಗುಡ್ಡದ ಕಡೆಗೇ ಬೀಸುತ್ತದೆ. ಪರವೂರಿನವರು ಬಂದಾಗ, "ಆ ಪೂರಿಗಂಡಿಗೊಂದು ಬಲೆ ಕಟ್ಟಬಾರದೇನ್ರೀ?" ಎಂದು ನಮಗೆ ಬುದ್ಧಿ ಹೇಳುತ್ತಾರೆ. ಕಟ್ಟಬಹುದು. ನಮ್ಮೂರ ಹೋಟೆಲಿನವರು ಕಟ್ಟಿದ್ದಾರೆ. ಬಲೆಗೆ ಬಿದ್ದ ಪೂರಿ ಚಪ್ಪಲಿಯ ಹಾಗಿರುತ್ತದೆ. ಮೇಲಿನ ಗಾಳಿ ಸೋಕಿ ಇಳಿದ ಪೂರಿಯನ್ನು ಒಮ್ಮೆ ತಿಂದವರು ಮತ್ತೆ ಬಲೆಯ ಮಾತೆತ್ತುವುದಿಲ್ಲ.

ಬಂದೂಕೆಂದರೆ ಹುಲಿ ಹೊಡೆಯುವ ಬಂದೂಕಲ್ಲ. ಅದರಲ್ಲಿ ಹೊಡೆದರೆ ಪೂರಿಯ ವಿಭೂತಿ ಮಾತ್ರ ಸಿಗುತ್ತದೆ. ನಮ್ಮದು ಪಾಯಿಂಟ್ ಟೂಟೂ. ಅದರ ತೋಟಾ ಕಡಲೆಕಾಯಿಯಷ್ಟು. ಹಿಂಭಾಗದ ಅಂಚಿಗೆ ಪೆಟ್ಟು ಬಿದ್ದರೆ ಸಿಡಿಯುತ್ತದೆ, ಅದಕ್ಕೇ ರಿಮ್‌ಫೈರ್ ಎನ್ನುತ್ತಾರೆ. ಸದ್ದು ಕಡಿಮೆ, ಹೆಗಲಿಗೆ ಒದೆತ ಇಲ್ಲವೇ ಇಲ್ಲ. ಗುಂಡು ಪೂರಿಯ ಅಂಚಿಗೆ ತಾಗಬೇಕು. ಆಗ ಒಳಗಿನ ಬಿಸಿಗಾಳಿ ಸುಯ್ಯೆಂದು ಹೊರಟು, ಪೂರಿ ಗಿರಗಿರನೆ ತಿರುಗುತ್ತಾ ನಮ್ಮ ಅಂಗಳಕ್ಕೇ ಇಳಿಯುತ್ತದೆ. ನಡುವಿಗೆ ತಾಗಿದರೆ ಹರಿದು ಪಕ್ಕದವರ ಅಂಗಳಕ್ಕೆ ಹೋಗುತ್ತದೆ, ಬಿದ್ದ ಅಂಗಳದವರಿಗೇ ಪೂರಿ. ಇನ್ನು, ಆಕಾಶಕ್ಕೆ ಹೋದ ಗುಂಡುಗಳು ಕೆಳಗೆ ಬರಲೇಬೇಕಲ್ಲ, ಹಾಗಾಗಿ ಬೆಳಗಿನ ತಿಂಡಿಯ ಹೊತ್ತಿಗೆ ನಮ್ಮೂರಿನ ಜನ ಬಿಸಿಲಿರಲಿ ಮೋಡವಿರಲಿ ಕೊಡೆ ಹಿಡಿದೇ ಓಡಾಡುತ್ತಾರೆ. ನಾನು ಕೊಡೆ ರಿಪೇರಿ ವಿರೂಪಣ್ಣ. ದೇವರು ನನ್ನನ್ನು ಸರಿಯಾದ ಊರಿನಲ್ಲೇ ಹುಟ್ಟಿಸಿದ್ದಾನೆ.

ಊರಿಗೊಂದು ಕಟ್ಟಳೆಯಿದೆ. ಯಾರ ಮನೆಯ ಪೂರಿ ಯಾರಿಗೂ ಸಿಗದೆ ಕರಡಿಗುಡ್ಡ ದಾಟಿ ಹೋಗುತ್ತದೋ, ಆ ಮನೆಯವರು ಬಾಣಲೆಯನ್ನು ತೊಳೆದು ಜಗಲಿಯ ಮೇಲೆ ಬೋರಲು ಹಾಕಬೇಕು. ಮುಂದಿನ ಯುಗಾದಿಯವರೆಗೆ ಅದನ್ನು ಎತ್ತುವಂತಿಲ್ಲ. ಪೂರಿಯಿಲ್ಲ, ಬಜ್ಜಿಯಿಲ್ಲ, ಬೋಂಡವಿಲ್ಲ, ಮಳೆ ಬಂದಾಗ ಒಂದು ಹಪ್ಪಳಕ್ಕೂ ಗತಿಯಿಲ್ಲ. ಹಾದುಹೋಗುವವರೆಲ್ಲ ಬೋರಲು ಬಿದ್ದ ಬಾಣಲೆ ನೋಡಿ ಲೊಚಗುಟ್ಟುತ್ತಾರೆ. ಅದನ್ನು ಸಹಿಸುವುದಕ್ಕಿಂತ ಊರು ಬಿಡುವುದು ವಾಸಿ ಎಂದು ಬಿಟ್ಟವರೂ ಇದ್ದಾರೆ.

ನನ್ನ ಹೆಂಡತಿ ಚೆನ್ನಾಜಿಯ ಪೂರಿಗೆ ನಮ್ಮೂರಿನಲ್ಲಿ ಸಾಟಿಯಿರಲಿಲ್ಲ. ಅವಳನ್ನು ನೋಡಲು ಹೋದ ಎಷ್ಟೋ ಗಂಡುಗಳು ಉಪ್ಪಿಟ್ಟು ತಿಂದು ಎದ್ದು ಬಂದಿದ್ದರು. ಅಷ್ಟು ಎತ್ತರದ ಪೂರಿಯನ್ನು ಒಂದೇ ಗುಂಡಿಗೆ ಇಳಿಸಿದವನು ನಾನು. ಅವತ್ತು ಗಾಳಿಯೇ ಇರಲಿಲ್ಲ ಎಂದು ಅವಳ ತಮ್ಮ ರುದ್ರೇಶ ಇವತ್ತಿಗೂ ಹೇಳುತ್ತಾನೆ. ಹೇಳಲಿ, ಅವನಿಗೆ ಬೇರೆ ಕೆಲಸವೇನಿದೆ?

ಐವತ್ತು ದಾಟಿದ ಮೇಲೆ ನನ್ನ ಕಣ್ಣು ಮಂಜಾಯಿತು. ಬಂದೂಕಿನ ತುದಿಯ ಗುರಿ ನೋಡಿದರೆ ಪೂರಿ ಅಳಿಸಿಹೋಗುತ್ತದೆ, ಪೂರಿ ನೋಡಿದರೆ ಬಂದೂಕಿನ ತುದಿ ಮಾಯ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನೂ ತೋಟಾ ಸರಿಯಿಲ್ಲ ಎಂದೆ, ಗಾಳಿ ಸರಿಯಿಲ್ಲ ಎಂದೆ, ಅಡ್ಡ ಬಂದ ಗಿಳಿಯನ್ನು ಬೈದೆ. ಆದರೆ ಒಂದು ಸೋಜಿಗ ನಡೆದಿತ್ತು. ಒಂದು ವರ್ಷದಿಂದೀಚೆಗೆ ನಾನು ಹೊಡೆದ ಪೂರಿ ಒಂದೂ ತಪ್ಪಿರಲಿಲ್ಲ. ಢಂ ಎನ್ನುತ್ತಲೇ ಇಳಿದು ಬರುತ್ತಿತ್ತು. ಕಣ್ಣು ಹೋದರೇನು, ಕೈಗೆ ದೈವಬಲವಿದೆ ಎಂದು ಬೀಗುತ್ತಿದ್ದೆ. ಪೂರಿ ಮೊದಲಿನಷ್ಟು ಎತ್ತರಕ್ಕೆ ಏಳುತ್ತಿಲ್ಲ, ಸೂರಿನ ಮೇಲೆ ಎರಡಾಳು ಎತ್ತರಕ್ಕೆ ಬಂದು ನಿಲ್ಲುತ್ತಿದೆ ಎನ್ನುವುದನ್ನು ಗಮನಿಸಿದ್ದೆ. ಗಮನಿಸಿದ್ದಷ್ಟೇ ಅಲ್ಲ, ದೊಡ್ಡ ಮನುಷ್ಯನ ಹಾಗೆ ಅವಳಿಗೆ ಹೇಳಿಯೂ ಇದ್ದೆ.

"ಏನೇ ಚೆನ್ನಾಜಿ, ಈಚೀಚೆಗೆ ನಿನ್ ಪೂರಿ ಯಾಕೋ ಮ್ಯಾಲಕ್ಕೇ ಏಳ್ತಿಲ್ವಲ್ಲೇ?"

"ವಯಸ್ಸಾಗ್ತಾ ಬಂತಲ್ಲ ರೀ," ಎಂದಿದ್ದಳು ಅವಳು, ಹಿಟ್ಟಿನಿಂದ ತಲೆಯೆತ್ತದೆ.

ಒಂದು ಸೋಮವಾರ ಬಂದೂಕಿನ ಕುದುರೆ ಎಳೆಯುವ ಹೊತ್ತಿಗೆ ಸರಿಯಾಗಿ ನನಗೊಂದು ಸೀನು ಬಂತು. ಬಂದೂಕು ಪಕ್ಕಕ್ಕೆ ತಿರುಗಿ, ಗುಂಡು ಪಕ್ಕದ ಮನೆಯವರ ನೀರಿನ ಟ್ಯಾಂಕಿಗೆ ಬಿದ್ದು, ಅಲ್ಲಿಂದ ನೀರು ಚಿಮ್ಮಿ, ಆ ಮನೆಯವರು ಚಿಮ್ಮಿ ಹೊರಗೆ ಬಂದು ನನ್ನ ವಂಶವನ್ನೆಲ್ಲ ಬೈಯತೊಡಗಿದರು. ಪೂರಿ ಮಾತ್ರ ಏನೂ ಆಗದವರ ಹಾಗೆ ಗಿರಗಿರನೆ ತಿರುಗುತ್ತಾ ಬಂದು ನನ್ನ ಕಾಲ ಬಳಿ ಕೂತಿತು. ಎತ್ತಿ ನೋಡಿದೆ. ಅಂಚಿನಲ್ಲಿ ಒಂದು ತೂತಿತ್ತು, ಸೂಜಿಯ ಮೊನೆಯಷ್ಟು. ನನ್ನ ಬಂದೂಕಿನ ಗುಂಡು ಅಷ್ಟು ಸಣ್ಣ ತೂತು ಮಾಡಬೇಕಾದರೆ ಅದು ವಾರಗಟ್ಟಲೆ ಉಪವಾಸ ಮಾಡಿರಬೇಕು. ಪೂರಿ ತಿಂದೆ. ಎರಡನೆಯದನ್ನೂ ತಿಂದೆ. ಗಂಟಲಲ್ಲಿ ಇಳಿಯಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಚೆನ್ನಾಗಿಯೇ ಇಳಿಯಿತು, ಮನಸ್ಸು ಮಾತ್ರ ಕೆಟ್ಟಿತು.

ಅದೇ ವಾರ ರುದ್ರೇಶ ಬಂದ. ಅವನ ಮಗಳು ಶಿವಲೀಲಾಳನ್ನು ಕೆರೆ ಆಚೆಯ ಬೀದಿಯವರು ಕೇಳಿದ್ದರು. ನಮ್ಮಲ್ಲಿ ಹುಡುಗ ಬರುವುದಕ್ಕೆ ಮೊದಲು ಅವನ ಮನೆಯವರು ಬಂದು ಹುಡುಗಿಯ ಸೋದರತ್ತೆಯ ಪೂರಿ ನೋಡಿ ಹೋಗುವುದು ವಾಡಿಕೆ. ಅತ್ತೆಯ ಕೈಗುಣವೇ ಸೋದರಸೊಸೆಗೆ ಬರುತ್ತದೆ ಎಂದು ನಂಬಿಕೆ. ರುದ್ರೇಶನ ಏಕೈಕ ಅಕ್ಕ ಚೆನ್ನಾಜಿ. ಅವನು ಜಗಲಿಯ ಮೇಲೆ ಕೂತು, ಕೊಡೆ ಮಡಿಸಿ, ಕೊಡೆ ಬಿಚ್ಚಿ, ಮತ್ತೆ ಮಡಿಸಿ, ಕೊನೆಗೆ ಬಾಯಿಬಿಟ್ಟ.

"ಭಾವ, ಬರೋ ಗುರುವಾರ ಗಂಡಿನ ಕಡೆಯೋರು ಬರ್ತಾ ಅವ್ರೆ. ಊರಲ್ಲೆಲ್ಲ ಆಡ್ಕೋತಾ ಅವ್ರೆ, ಅಕ್ಕನ ಕೈ ಸೋತೋಗೈತೆ, ಪೂರಿ ಹಂಚು ಬಿಟ್ಟು ಏಳಲ್ಲ ಅಂತ. ಅದಕ್ಕೇ ಮೇಲಿನ ಬೀದಿ ದೊಡ್ಡತ್ತೇನ ಕರೆಸಾಣ ಅಂತ ಮಾಡಿವ್ನಿ. ಅವ್ರೂ ಒಂಥರಾ ಸೋದರತ್ತೇನೇ ಆಗ್ತಾರೆ."

ಒಳಗೆ ಲಟ್ಟಣಿಗೆಯ ಸದ್ದು ನಿಂತಿತು. ಚೆನ್ನಾಜಿಯ ದನಿ ಬಂತು. "ಆಗ್ಲಿ ಬಿಡಪ್ಪ. ಮಗೂಗೆ ಒಳ್ಳೇದಾದ್ರೆ ಸಾಕು."

ಅಷ್ಟೇ ಹೇಳಿದಳು, ಲಟ್ಟಣಿಗೆ ಮತ್ತೆ ಶುರುವಾಯಿತು. ನನಗೆ ಮೈಯೆಲ್ಲ ಉರಿದುಹೋಯಿತು. "ಯಾವ ದೊಡ್ಡತ್ತೇನೂ ಬ್ಯಾಡ, ಚಿಕ್ಕತ್ತೇನೂ ಬ್ಯಾಡ. ಗುರುವಾರ ಇದೇ ಮನೇಲಿ ನಿಮ್ಮಕ್ಕನೇ ಪೂರಿ ಬಿಡ್ತಾಳೆ. ನಾನೇ ಹೊಡೀತೀನಿ," ಎಂದೆ.

ರುದ್ರೇಶ ನನ್ನ ಮಂಜುಗಣ್ಣು ನೋಡಿದ. "ಹಂಗಾದ್ರೆ ಬಂದೂಕಿಗೆ ಒಂದು ಒಳ್ಳೇ ಸ್ಕೋಪಾದ್ರೂ ಹಾಕ್ಸು ಭಾವ. ನನ್ ತರದ್ದು. ಇಪ್ಪತ್ನಾಕು ಪಟ್ಟು ದೊಡ್ಡದು ಮಾಡಿ ತೋರಿಸ್ತೈತೆ."

ಅವನ ದುರ್ಬೀನಿನ ವಿಚಾರ ಊರಿಗೇ ಗೊತ್ತು. ಒಂದು ಎಮ್ಮೆಯ ಬೆಲೆ ಕೊಟ್ಟು ತಂದಿದ್ದಾನೆ. ಬಂದೂಕಿಗಿಂತ ಅದೇ ಉದ್ದ, ಅದೇ ಭಾರ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಕೊಡೆ ರಿಪೇರಿಯವನಾದ ನಾನು ಅಂಥವರನ್ನು ಹಂಗಿಸಬಾರದು, ಆದರೂ ಆ ದುರ್ಬೀನು ಬಂದಮೇಲೆ ರುದ್ರೇಶನ ಮನೆಯವರು ಪೂರಿ ತಿಂದದ್ದನ್ನು ಯಾರೂ ಕಂಡಿಲ್ಲ.

ಮರುದಿನ ಅಂಗಡಿ ಬೇಗ ಮುಚ್ಚಿ ಖಲಂದರ್ ಸಾಬರ ಬಳಿಗೆ ಹೋದೆ. ಅವರದು ನಮ್ಮ ಮನೆಯ ಹಿಂದಿನ ಬೀದಿಯಲ್ಲೇ ಕನ್ನಡಕದ ಅಂಗಡಿ. ಕನ್ನಡಕ, ಬಂದೂಕಿನ ದುರ್ಬೀನು, ಅದೇಕೋ ಸೀಗೇಪುಡಿ, ಮೂರನ್ನೂ ಮಾರುತ್ತಾರೆ. ಮನುಷ್ಯ ಒಳ್ಳೆಯವರು, ಆದರೆ ಸರಕು ತೋರಿಸುವಾಗ ಮದುವೆಗೆ ಹೆಣ್ಣು ತೋರಿಸುವ ದಲ್ಲಾಳಿಯ ಹಾಗೆ ಮಾತಾಡುತ್ತಾರೆ.

"ಸಾಬರೇ, ಹಾಸಿಗೆ ಇದ್ದಷ್ಟು ಕಾಲು ಚಾಚೋನು ನಾನು. ಅದನ್ನ ಮನಸ್ಸಲ್ಲಿಟ್ಕೊಂಡು ತೋರ್ಸಿ," ಎಂದೆ.

"ಕಾಲು ಎಷ್ಟುದ್ದ ಐತೆ ಅಂತ ಮೊದ್ಲು ನೋಡಾಣ ಬನ್ನಿ ವಿರೂಪಣ್ಣ," ಎಂದು ಒಂದು ಬುಟ್ಟಿಯಲ್ಲಿ ದುರ್ಬೀನುಗಳನ್ನು ತುಂಬಿಕೊಂಡು ನನ್ನನ್ನು ಮಹಡಿಗೆ ಹತ್ತಿಸಿದರು. ದುರ್ಬೀನು ಕೊಳ್ಳುವವರು ಸಾಬರ ಮಹಡಿಯಿಂದ ತಮ್ಮ ತಮ್ಮ ಮನೆಯನ್ನು ನೋಡಿ ಆರಿಸುವುದು ನಮ್ಮಲ್ಲಿ ಪದ್ಧತಿ. ಮನೆಯೆಂದರೆ ಮೂಲೆ ಮೂಲೆ ಗೊತ್ತಿರುತ್ತದಲ್ಲ, ಗಾಜಿನ ಸುಳ್ಳು ಬೇಗ ತಿಳಿಯುತ್ತದೆ.

ಮೊದಲು ರುದ್ರೇಶನದರ ಅಣ್ಣನಂಥದ್ದನ್ನು ಕೊಟ್ಟರು. ಕಣ್ಣಿಟ್ಟೆ. ಏನೋ ಕಪ್ಪಗೆ, ಒದ್ದೆಯಾಗಿ, ಉಸಿರಾಡುತ್ತಿರುವುದು ಕಾಣಿಸಿತು. ಬೆಚ್ಚಿ ಹಿಂದೆ ಸರಿದೆ. ನಮ್ಮ ಮನೆಯ ಗೋಡೆಯ ಮೇಲೆ ಕೂತಿದ್ದ ಬೆಕ್ಕಿನ ಮೂಗು ಅದು. ಮೂಗಿನಿಂದ ಮನೆಗೆ ದಾರಿ ಹುಡುಕುವಷ್ಟರಲ್ಲಿ ಬೆಕ್ಕೇ ಎದ್ದುಹೋಯಿತು. ನನ್ನ ಎದೆ ಬಡಿದಾಗಲೆಲ್ಲ ಇಡೀ ಬೀದಿ ಕುಣಿಯುತ್ತಿತ್ತು.

"ಜಾಸ್ತಿ ದೊಡ್ಡದು ಮಾಡಿದ್ರೆ ನಡುಕಾನೂ ದೊಡ್ಡದಾಗ್ತದೆ, ನೋಡೋ ಜಾಗ ಸಣ್ಣದಾಗ್ತದೆ," ಎಂದರು ಸಾಬರು. "ಹಾರೋ ಪೂರಿ ಇದರಲ್ಲಿ ಸಿಗಲ್ಲ. ಆದ್ರೂ ಜನ ಇದನ್ನೇ ಕೇಳ್ತಾರೆ. ನಾನೂ ಮಕ್ಳೊಂದಿಗ, ಮಾರ್ತೀನಿ."

ಎರಡನೆಯದರ ನಡುವೆ ಕೆಂಪು ದೀಪದ ಚುಕ್ಕಿಯಿತ್ತು. ಅದಕ್ಕೆ ಸೆಲ್ಲು ಹಾಕಬೇಕು. ಹಗಲು ಹೊತ್ತಿನಲ್ಲಿ ಪೂರಿ ಹೊಡೆಯುವವನಿಗೆ ದೀಪವೇಕೆ ಎಂದು ಕೆಳಗಿಟ್ಟೆ. ಮೂರನೆಯದು ಬಲು ಅಗ್ಗ. ಅದರಲ್ಲಿ ನೋಡಿದರೆ ನಮ್ಮನೆ ಮಜ್ಜಿಗೆಯಲ್ಲಿ ಮುಳುಗಿದಂತಿತ್ತು. ನನ್ನ ಕಣ್ಣಿಗೂ ಅದಕ್ಕೂ ವ್ಯತ್ಯಾಸವಿರಲಿಲ್ಲ, ಹಾಗಿದ್ದಮೇಲೆ ದುಡ್ಡೇಕೆ ಕೊಡಲಿ? ನಾಲ್ಕನೆಯದು ಚೆನ್ನಾಗಿತ್ತು, ಆದರೆ ಕಣ್ಣು ಸ್ವಲ್ಪ ಅತ್ತಿತ್ತ ಸರಿದರೂ ಗುರಿಯ ಅಡ್ಡಗೆರೆಯೂ ಬೆಕ್ಕಿನ ಬಾಲದಂತೆ ಅತ್ತಿತ್ತ ಸರಿಯುತ್ತಿತ್ತು.

"ಇದು ಕಾಡುಹಂದಿ ಹೊಡೆಯೋರದ್ದು. ದೂರದ ಗುರಿಗೆ ಹೊಂದಿಸಿರ್ತಾರೆ. ಹತ್ತಿರದ ಪೂರಿಗೆ ಹಿಡಿದ್ರೆ ಗೆರೆ ಅಲ್ಲಾಡ್ತದೆ," ಎಂದು ಸಾಬರು ಅದನ್ನು ಕಿತ್ತುಕೊಂಡು, ಬುಟ್ಟಿಯ ತಳದಿಂದ ಗೇಣುದ್ದದ ಒಂದು ಕಪ್ಪು ದುರ್ಬೀನು ತೆಗೆದರು. "ಇದನ್ನ ನೋಡಿ. ನಾಕೇ ಪಟ್ಟು. ಹತ್ತಿರಕ್ಕೇ ಹೊಂದಿಸಿರೋದು, ಸಣ್ಣ ಬಂದೂಕಿಗಂತಲೇ ಮಾಡಿದ್ದು. ನಿಮ್ಮ ಬಂದೂಕು ಒದೆಯೋದಿಲ್ವಲ್ಲ, ಒದೆತ ತಡೆಯೋ ಗಟ್ಟಿ ಸಾಮಾನಿಗೆ ಜಾಸ್ತಿ ದುಡ್ಡು ಕೊಡೋದು ದಂಡ. ನೋಡೋಕೆ ಸುಮಾರು, ಗುಣ ಬಂಗಾರ. ಬಡವರ ಮನೆ ಹುಡುಗಿ."

ಕಣ್ಣಿಟ್ಟೆ. ನಮ್ಮನೆಯ ಸೂರು ಕಂಡಿತು. ಒಡೆದ ಹಂಚು ಕಂಡಿತು. ಹಿತ್ತಿಲ ಕಡೆಯ ಅಡುಗೆಮನೆಯ ಕಿಟಕಿ ಕಂಡಿತು, ತೆರೆದಿತ್ತು. ಒಳಗೆ ಚೆನ್ನಾಜಿ ಒಲೆಯ ಮುಂದೆ ನಿಂತಿದ್ದಳು. ನಾನಿಲ್ಲದ ಹೊತ್ತಿನಲ್ಲಿ ಒಬ್ಬಳೇ ಪೂರಿ ಬಿಡುತ್ತಿದ್ದಳು. ಪೂರಿ ಉಬ್ಬಿ ಎಣ್ಣೆಯಿಂದ ಎದ್ದು ಅವಳ ಮುಖದ ಮಟ್ಟಕ್ಕೆ ಬಂದಾಗ ಅವಳು ಬಳೆಗೆ ಸಿಕ್ಕಿಸಿದ್ದ ಪಿನ್ನು ತೆಗೆದು, ಬಹಳ ಹುಷಾರಾಗಿ, ಅಂಚಿಗೆ ಒಂದು ಚುಚ್ಚು ಕೊಟ್ಟಳು. ಪಿನ್ನು ಬಿಸಿಲಿಗೆ ಮಿಂಚಿದ್ದೂ ಕಾಣಿಸಿತು. ಪೂರಿ ಸೂರಿನ ಮೇಲೆ ಎರಡಾಳು ಏರಿ, ನಿಂತು, ಇಳಿಯತೊಡಗಿತು. ಅದು ಅಂಗಳಕ್ಕೆ ಬೀಳುವ ಸದ್ದಿಗೆ ಕಿವಿಗೊಟ್ಟು ಅವಳು ಬಾಯಲ್ಲಿ ಏನೋ ಎಣಿಸುತ್ತಿದ್ದಳು. ನಾನು ಬಂದೂಕು ಎತ್ತಿ, ಗುರಿ ಹಿಡಿದು, ಢಂ ಎನಿಸಲು ಎಷ್ಟು ಹೊತ್ತು ಬೇಕೋ ಅದನ್ನು ಎಣಿಸುತ್ತಿದ್ದಳು. ತೂತು ಎಷ್ಟಿದ್ದರೆ ನನ್ನ ಗುಂಡಿನ ಸದ್ದಿಗೂ ಪೂರಿ ಇಳಿಯುವುದಕ್ಕೂ ತಾಳೆಯಾಗುತ್ತದೆ ಎಂದು ಅಭ್ಯಾಸ ಮಾಡುತ್ತಿದ್ದಳು. ಆಮೇಲೆ ಇನ್ನೊಂದು ಪೂರಿ ಬಿಟ್ಟಳು.

ಊರೆಲ್ಲ ಅವಳ ಕೈ ಸೋತಿದೆ ಎಂದು ಆಡಿಕೊಳ್ಳುತ್ತಿದ್ದರೆ ಅವಳು ಒಂದು ವರ್ಷದಿಂದ ಹೀಗೆ ಬಾಯಿ ಮುಚ್ಚಿಕೊಂಡು ನನ್ನ ಮಾನ ಕಾಯುತ್ತಿದ್ದಳು. ನನಗೆ ಅಳು ಬಂತು. ದುರ್ಬೀನಿಗೆ ಕಣ್ಣಿಟ್ಟುಕೊಂಡೇ ಅತ್ತೆ.

"ಏನಣ್ಣಾ, ಮಂಜು ಕಾಣಿಸ್ತದಾ?" ಎಂದು ಸಾಬರು ದುರ್ಬೀನಿನ ಮುಂದಿನ ಗಾಜನ್ನು ಅಂಗಿಯ ತುದಿಯಿಂದ ಒರೆಸಿದರು. "ಈಗ?"

"ಇಲ್ಲ," ಎಂದೆ.

"ಹಿಂದಿನ ಗಾಜು ನೋಡಾಣ," ಎಂದು ಅದನ್ನು ಒರೆಸಲು ಬಂದವರು ನನ್ನ ಮುಖ ನೋಡಿ, ಅದೇ ಅಂಗಿಯ ತುದಿಯಿಂದ ನನ್ನ ಕಣ್ಣನ್ನೂ ಒರೆಸಿದರು. "ಗಾಜು ಸರಿಯಾಗೇ ಐತೆ ಬಿಡಿ," ಎಂದರು. ನಾನು ಅದನ್ನೇ ಕೊಂಡೆ. ಸಾಬರು ಬೆಲೆಯಲ್ಲಿ ಸ್ವಲ್ಪ ಬಿಟ್ಟರು, ಮೇಲೊಂದು ಪೊಟ್ಟಣ ಸೀಗೇಪುಡಿಯನ್ನೂ ಕೊಟ್ಟರು.

ಕೊಂಡರೆ ಮುಗಿಯಲಿಲ್ಲ, ಅದನ್ನು ಬಂದೂಕಿಗೆ ಕೂರಿಸಿ ಗುರಿ ಹೊಂದಿಸಬೇಕು. ಬಂದೂಕಿನ ಬೆನ್ನ ಮೇಲೆ ಕೊರೆದ ಕಚ್ಚುಗಳಿಗೆ ಎರಡು ಉಂಗುರ ಬಿಗಿದು, ಅದರಲ್ಲಿ ದುರ್ಬೀನು ಕೂರಿಸಿ, ಊರಾಚೆಯ ಕಲ್ಲುಕ್ವಾರಿಗೆ ಹೋದೆ. ಪೂರಿಗೆ ಬದಲು ಹಪ್ಪಳವನ್ನು ದಾರಕ್ಕೆ ನೇತುಹಾಕಿ ಹೊಡೆದೆ. ಗುಂಡು ಎಡಕ್ಕೆ ಹೋದರೆ ಪಕ್ಕದ ತಿರುಪು, ಕೆಳಗೆ ಹೋದರೆ ಮೇಲಿನ ತಿರುಪು, ಕಟಕಟನೆ ತಿರುಗಿಸುತ್ತಾ ಬರಬೇಕು. ಮೇಲ್ಮುಖವಾಗಿ ಹೊಡೆಯುವಾಗ ಗುಂಡು ತುಸು ಎತ್ತರಕ್ಕೇ ಹೋಗುತ್ತದೆ, ಕೂದಲೆಳೆಯಷ್ಟು ಕೆಳಗೆ ಹಿಡಿಯಿರಿ ಎಂದು ಸಾಬರು ಹೇಳಿಕೊಟ್ಟಿದ್ದರು. ಕ್ವಾರಿಯ ನಾಯಿಯೊಂದು ನಾನು ತಿರುಪು ತಿರುಗಿಸುವ ಹೊತ್ತಿಗೆ ಸರಿಯಾಗಿ ಬಂದು ಹಪ್ಪಳ ತಿಂದು ಹೋಗುತ್ತಿತ್ತು. ಹಾಗಾಗಿ ಯಾವುದು ನನ್ನ ಗುಂಡಿಗೆ ಬಿದ್ದದ್ದು, ಯಾವುದು ನಾಯಿಗೆ ಸಂದದ್ದು ಎಂಬ ಲೆಕ್ಕ ಹತ್ತಲಿಲ್ಲ. ಹಪ್ಪಳದ ಕಟ್ಟು ಮುಗಿಯುವ ಹೊತ್ತಿಗೆ ಕೊನೆಯದರ ಅಂಚಿಗೆ ಮೆಣಸಿನಕಾಳಿನಷ್ಟು ತೂತು ಬಿತ್ತು. ನಾಯಿಗೆ ಅಷ್ಟು ಸಣ್ಣ ಹಲ್ಲಿರಲಾರದು ಎಂದುಕೊಂಡು ಮನೆಗೆ ಬಂದೆ.

ಗುರುವಾರ ಬೆಳಿಗ್ಗೆ ಚೆನ್ನಾಜಿ ಹಿಟ್ಟು ನಾದಿ ಒದ್ದೆ ಬಟ್ಟೆ ಮುಚ್ಚಿಡುತ್ತಿದ್ದಾಗ ಅವಳ ಮುಂದೆ ಹೋಗಿ ಕೈ ಚಾಚಿದೆ.

"ಏನ್ರೀ?"

"ಬಳೇಲಿರೋ ಪಿನ್ನು ಕೊಡು."

ಅವಳ ಮುಖ ಬಿಳಿಚಿಕೊಂಡಿತು. ಆಮೇಲೆ ಕೆಂಪಾಯಿತು. ಹಿಟ್ಟಿನ ಬಟ್ಟೆಯನ್ನೇ ಸರಿಮಾಡುತ್ತಾ ನಿಂತಳು. "ಬ್ಯಾಡ ರೀ. ಎಷ್ಟು ದಿನದಿಂದ ಸರಿಯಾಗಿ ಬಿಟ್ಟೇ ಇಲ್ಲ, ಎಷ್ಟೆತ್ತರ ಹೋಗ್ತೈತೋ ನಂಗೇ ಗೊತ್ತಿಲ್ಲ. ಗುಡ್ಡ ದಾಟಿದ್ರೆ ಬಾಣಲೆ ಬೋರಲು ಹಾಕ್ಬೇಕಾಗ್ತೈತೆ. ಬೀಗರ ಎದುರಿಗೆ ನಿಮಗೆ ಅವಮಾನ ಆಗಬಾರದು."

"ನಂಗೆ ಅವಮಾನ ಆಗದೇ ಇರಲಿ ಅಂತ ನೀನು ಒಂದು ವರ್ಷ ಅವಮಾನ ತಿಂದಿಲ್ವೇನೇ? ಕೊಡು," ಎಂದೆ. ಅವಳು ಪಿನ್ನು ತೆಗೆದು ನನ್ನ ಅಂಗೈಗೆ ಹಾಕಿ, ಮುಖ ತಿರುಗಿಸಿಕೊಂಡಳು.

ಬೀಗರು ಬಂದರು. ಹುಡುಗನ ಅಪ್ಪ, ಅಮ್ಮ, ಹಿಂದೆ ಒಂದು ಹಳದಿ ಕೊಡೆಯ ಕೆಳಗೆ ಅವನ ಅಜ್ಜಿ. ರುದ್ರೇಶ ತನ್ನ ಎಮ್ಮೆ ಬೆಲೆಯ ದುರ್ಬೀನನ್ನು ಹೆಗಲ ಮೇಲೆ ಹೊತ್ತು, ಭಾವ ತಪ್ಪಿದರೆ ತಾನಿದ್ದೇನೆ ಎನ್ನುವ ಹಾಗೆ ಮೂಲೆಯಲ್ಲಿ ನಿಂತ. ಎಲೆ ಹಾಕಿ, ಆಲೂಗಡ್ಡೆ ಪಲ್ಯ ಬಡಿಸಿ ಆಯಿತು. ಇನ್ನು ಪೂರಿ ಇಳಿದು ಬರಬೇಕು. ಅಕ್ಕಪಕ್ಕದವರು ಚೆನ್ನಾಜಿಯ ಸೋತ ಕೈ ನೋಡಲು ತಂತಮ್ಮ ಮಹಡಿ ಹತ್ತಿ ಕೊಡೆ ಬಿಚ್ಚಿಕೊಂಡು ನಿಂತಿದ್ದರು. ನೀರಿನ ಟ್ಯಾಂಕಿನವರು ಟ್ಯಾಂಕಿಗೂ ಒಂದು ಕೊಡೆ ಕಟ್ಟಿದ್ದರು.

ಒಳಗೆ ಎಣ್ಣೆ ಚುಂಯ್ ಎಂದಿತು. ಪೂರಿಗಂಡಿಯಿಂದ ಪೂರಿ ಹೊರಗೆ ಬಂತು. ಅವಸರವೇ ಇಲ್ಲದೆ ಬಂತು. ಹಂಚು ದಾಟಿತು, ಎರಡಾಳು ಎತ್ತರ ದಾಟಿತು, ತೆಂಗಿನ ಗರಿ ದಾಟಿತು. ಹದ್ದುಗಳಿಗಿಂತಲೂ ಮೇಲೆ ಹೋಗಿ ಅದು ನಿಂತಿತು. "ಅಯ್ಯೋ ಶಿವನೇ," ಎಂದಳು ಅಜ್ಜಿ, ಕೊಡೆಯನ್ನು ಹಿಂದಕ್ಕೆ ಸರಿಸಿ.

ನಾನು ಬಂದೂಕೆತ್ತಿ ದುರ್ಬೀನಿಗೆ ಕಣ್ಣಿಟ್ಟೆ. ನಾಲ್ಕು ಪಟ್ಟಿನದು, ಪೂರಿ ತಟ್ಟನೆ ಸಿಕ್ಕಿತು. ಅಡ್ಡಗೆರೆಯನ್ನು ಅಂಚಿಗೆ ತಂದೆ, ಕೂದಲೆಳೆಯಷ್ಟು ಕೆಳಗೆ ಹಿಡಿದೆ, ಬೆರಳು ಕುದುರೆಯ ಮೇಲೆ ಬಂತು. ಆಗ ನಾನು ಅದನ್ನು ನೋಡಿದೆ. ಮದುವೆಯಾದಾಗಿನಿಂದ ಅವಳ ಪೂರಿ ಹೊಡೆದವನು ನಾನು, ಆದರೆ ನಾನು ಹೊಡೆದದ್ದೆಲ್ಲ ಬೆಳಕಿಗೆ ಅಡ್ಡ ನಿಂತ ಒಂದು ಕಪ್ಪು ಚುಕ್ಕಿಯನ್ನು. ಪೂರಿಯನ್ನು ಯಾವತ್ತೂ ನೋಡಿರಲಿಲ್ಲ. ಅದರ ಮೈ ಎಷ್ಟು ತೆಳುವೆಂದರೆ ಬಿಸಿಲು ಒಳಗೆ ಹೊಕ್ಕು ಆಚೆಗೆ ಬರುತ್ತಿತ್ತು. ಸ್ನಾನ ಮಾಡಿಸಿ ಎತ್ತಿಕೊಂಡ ಮಗುವಿನ ಕೆನ್ನೆಯಂತಿತ್ತು. ಕೆಳಗಿನ ಅಂಚಿನಲ್ಲಿ ಒಂದು ತೊಟ್ಟು ಎಣ್ಣೆ ಬೀಳಲೋ ಬೇಡವೋ ಎಂದು ನಿಂತಿತ್ತು. ಪಕ್ಕದಲ್ಲಿ, ಮಣೆಯಿಂದ ಎತ್ತುವಾಗ ಅವಳ ಹೆಬ್ಬೆರಳು ಒತ್ತಿದ ಗುರುತಿತ್ತು. ಅಡ್ಡಗೆರೆ ಸರಿಯಾಗಿ ಆ ಗುರುತಿನ ಮೇಲೇ ಕೂತಿತ್ತು.

"ಹೊಡಿ ಭಾವ!" ಎಂದ ರುದ್ರೇಶ.

ನಾನು ಹೊಡೆಯಲಿಲ್ಲ. ಪೂರಿ ಗಾಳಿಗೆ ಸಿಕ್ಕಿ ಮೆಲ್ಲಗೆ ಕರಡಿಗುಡ್ಡದ ಕಡೆಗೆ ತಿರುಗಿತು.

"ನಿದ್ದೆ ಹೋದ್ನೇನ್ರೋ ಅವ್ನು?" ಎಂದಳು ಅಜ್ಜಿ.

ಸದ್ದು ಕೇಳದ್ದಕ್ಕೆ ಗಾಬರಿಯಾಗಿ ಚೆನ್ನಾಜಿ ಜಾಲರಿ ಸೌಟು ಹಿಡಿದೇ ಓಡಿಬಂದಳು. "ಯಾಕ್ರೀ? ಕಾಣಿಸ್ತಿಲ್ವಾ?"

"ಕಾಣಿಸ್ತಾ ಐತೆ ಕಣೇ. ಅದಕ್ಕೇ," ಎಂದೆ. ತೋಟಾ ಹೊರಗೆ ತೆಗೆದು ಜೇಬಿಗೆ ಹಾಕಿಕೊಂಡು, ಬಂದೂಕನ್ನು ಗೋಡೆಯ ಮೇಲೆ ಊರಿ, ಅವಳನ್ನು ಎಳೆದು ಮುಂದೆ ನಿಲ್ಲಿಸಿದೆ. "ನೋಡಿಲ್ಲಿ."

"ಎಣ್ಣೆ ಒಲೆ ಮೇಲೈತೆ ರೀ..."

"ಇರಲಿ ನೋಡು."

ಅವಳು ಮೊದಲು ತಪ್ಪು ಕಣ್ಣು ಮುಚ್ಚಿದಳು. ಆಮೇಲೆ ಎರಡನ್ನೂ ಮುಚ್ಚಿದಳು. ಸೌಟಿನಿಂದ ಬಿಸಿ ಎಣ್ಣೆ ನನ್ನ ಪಾದದ ಮೇಲೆ ತೊಟ್ಟಿಕ್ಕಿ ನಾನು ಕುಣಿದೆ. ಅಷ್ಟರಲ್ಲಿ ಅವಳಿಗೆ ಪೂರಿ ಸಿಕ್ಕಿತು ಎಂದು ಕಾಣುತ್ತದೆ, ಅವಳ ಮೈ ನಿಶ್ಚಲವಾಯಿತು. ಬಾಣಲೆಯ ಮುಂದೆ ನಿಂತವರು ಕಾದ ಎಣ್ಣೆ ಬಿಟ್ಟು ಹೊರಗೆ ಬರುವಂತಿಲ್ಲ. ಹುಟ್ಟಿದಾಗಿನಿಂದ ಇದೇ ಊರಿನಲ್ಲಿ ಪೂರಿ ಬಿಟ್ಟವಳು ತನ್ನ ಪೂರಿ ಗಂಡಿ ದಾಟಿದ ಮೇಲೆ ಏನಾಗುತ್ತದೆ ಎಂಬುದನ್ನು ಒಮ್ಮೆಯೂ ಕಂಡವಳಲ್ಲ. ಅವಳು ಕೈ ತೊಳೆದು ಬರುವ ಹೊತ್ತಿಗೆ ಅದು ತೂತಾಗಿ, ಚಪ್ಪಟೆಯಾಗಿ, ಯಾರದೋ ಎಲೆಯಲ್ಲಿರುತ್ತಿತ್ತು.

"ಇದು ನಂದಾ?" ಎಂದು ಕೇಳಿದಳು.

"ನಿಂದೇ."

"ಹಿಂಗಿರ್ತೈತಾ ರೀ?" ಎಂದು ಹಿಟ್ಟಿನ ಕೈಯಲ್ಲೇ ಕಣ್ಣೊರೆಸಿಕೊಂಡು ಮತ್ತೆ ನೋಡಿದಳು. ದುರ್ಬೀನಿಗೆಲ್ಲ ಹಿಟ್ಟು.

"ನಂಗೂ ಒಂಚೂರು ತೋರ್ಸವ್ವ," ಎಂದು ಅಜ್ಜಿ ಎಲೆ ಬಿಟ್ಟು ಎದ್ದಳು. ಅಜ್ಜಿಯ ಹಿಂದೆ ಹುಡುಗನ ಅಮ್ಮ, ಅಮ್ಮನ ಹಿಂದೆ ಅಪ್ಪ. ರುದ್ರೇಶ ಅಷ್ಟು ಹೊತ್ತೂ ತನ್ನ ದುರ್ಬೀನಿನಲ್ಲಿ ಆಕಾಶವನ್ನೆಲ್ಲ ಜಾಲಾಡಿ, ಒಂದು ಮೋಡದ ಬುಡ ಬಿಟ್ಟು ಬೇರೇನೂ ಸಿಗದೆ, ಅದನ್ನು ಗೋಡೆಗೊರಗಿಸಿ ತಾನೂ ಸಾಲಿನಲ್ಲಿ ನಿಂತ. ನೋಡಿ ಮುಗಿಸಿದ ಮೇಲೆ ಅವನಿಗೆ ಬಾಣಲೆಯ ನೆನಪಾಯಿತು.

"ಭಾವ, ಇನ್ನೂ ಗುಡ್ಡ ದಾಟಿಲ್ಲ. ಈಗ್ಲಾದ್ರೂ ಹೊಡಿ! ಯುಗಾದಿಗಂಟ ಬಾಣಲೆ ಬೋರಲು ಬೀಳ್ತೈತೆ!"

ನಾನು ಚೆನ್ನಾಜಿಯ ಮುಖ ನೋಡಿದೆ. ಬಾಣಲೆ ಅವಳದು. ಹೊಡೆಯೆಂದರೆ ಹೊಡೆಯಲೇಬೇಕು. ಜೇಬಿನ ತೋಟಾಕ್ಕೆ ಕೈ ಹಾಕಿದೆ. ಅವಳು ಗುಡ್ಡ ನೋಡಿದಳು, ಪೂರಿ ನೋಡಿದಳು.

"ಬ್ಯಾಡ ಬಿಡಿ ರೀ. ಎಲ್ಲಿಗಂಟ ಹೋಗ್ತೈತೋ ಹೋಗ್ಲಿ," ಎಂದಳು. ಆಮೇಲೆ ಏನೋ ಹೊಳೆದವಳಂತೆ, "ಅದು ಗುಡ್ಡ ದಾಟೋತನಕ ಬಾಣಲೆ ನಂದೇ ತಾನೆ?" ಎಂದು ಕೇಳಿ, ನಾನು ಹೂಂ ಎನ್ನುವಷ್ಟರಲ್ಲಿ ಸೆರಗು ಸಿಕ್ಕಿಸಿಕೊಂಡು ಒಳಗೆ ಓಡಿದಳು.

ಅಂಥ ಬೆಳಗನ್ನು ನಮ್ಮೂರು ಕಂಡಿರಲಿಲ್ಲ. ಗಂಡಿಯಿಂದ ಒಂದರ ಹಿಂದೆ ಒಂದು ಪೂರಿ ಎದ್ದವು. ಅಪ್ಪನ ಜೊತೆ ಬಂದು ಬಾಗಿಲ ಮರೆಯಲ್ಲಿ ನಿಂತಿದ್ದ ಶಿವಲೀಲಾ ಲಟ್ಟಿಸಲು ಒಳಗೆ ಓಡಿದಳು. ಅವಳನ್ನು ಯಾರೂ ಕರೆಯಲಿಲ್ಲ, ಬೀಗರೆದುರು ಹೀಗೆ ಓಡಬಾರದೆಂದು ಯಾರೂ ಬೈಯಲೂ ಇಲ್ಲ. ಆಮೇಲಾಮೇಲೆ ಬಂದ ಕೆಲವು ಪೂರಿ ಸ್ವಲ್ಪ ಸೊಟ್ಟಗಿದ್ದವು, ಅವು ಶಿವಲೀಲಾಳವು. ಅವೂ ಹದ್ದಿನ ಮಟ್ಟ ಮುಟ್ಟಿದವು. ಮಹಡಿಗಳ ಮೇಲೆ ಬಂದೂಕು ಹಿಡಿದ ಗಂಡಸರು ಸಾಲಾಗಿ ನಿಂತಿದ್ದರು. ಒಂದು ಗುಂಡು ಹಾರಿಸಿದರೆ ಪೂರಿ ತಮ್ಮ ಅಂಗಳಕ್ಕೇ ಬೀಳಬಹುದಿತ್ತು. ಯಾರೂ ಹಾರಿಸಲಿಲ್ಲ. ಒಬ್ಬೊಬ್ಬರಾಗಿ ಕೊಡೆ ಮಡಿಸಿ ತಲೆಯೆತ್ತಿ ನಿಂತರು. ಆಕಾಶವೆಲ್ಲ ನನ್ನ ಹೆಂಡತಿಯ ಪೂರಿಯಾಗಿತ್ತು. ನನಗೆ ಎಷ್ಟು ಹೆಮ್ಮೆಯಾಯಿತೆಂದರೆ ನೀರಿನ ಟ್ಯಾಂಕಿನವರನ್ನು ಕರೆದು ಕ್ಷಮೆ ಕೇಳಿಬಿಟ್ಟೆ.

ಬೀಗರು ಬರೀ ಆಲೂಗಡ್ಡೆ ಪಲ್ಯ ತಿಂದು ಎದ್ದರು. ಹುಡುಗನ ಅಪ್ಪನಿಗೆ ಹಸಿವೆಯಾಗಿತ್ತು, ಅದು ಅವನ ಮುಖದಲ್ಲಿ ಕಾಣುತ್ತಿತ್ತು. ಅಜ್ಜಿ ಮಾತ್ರ ಎಲೆಯಡಿಕೆ ಮಡಿಚಿ ಬಾಯಿಗೆ ಹಾಕಿಕೊಂಡು, "ಅತ್ತೆ ಕೈ ಹಿಂಗಿದ್ಮ್ಯಾಲೆ ಹುಡುಗೀನ ನೋಡೋದೇನೈತೆ? ನಮ್ ಹುಡುಗನ್ನ ಕಳಿಸ್ತೀವಿ, ಅವ್ನೇ ಗುರಿ ಕಲ್ತು ಬರ್ಲಿ," ಎಂದು ಹೇಳಿ ಹೊರಟಳು. ಅವತ್ತು ನಾನು ಕುದುರೆ ಎಳೆದಿದ್ದರೆ ಪೂರಿಗೆ ತಾಗುತ್ತಿತ್ತೋ ಇಲ್ಲವೋ ಎಂಬ ಬಗ್ಗೆ ಊರಿನಲ್ಲಿ ಎರಡು ಪಕ್ಷವಾಗಿವೆ. ತಾಗುತ್ತಿರಲಿಲ್ಲ ಎನ್ನುವ ಪಕ್ಷಕ್ಕೆ ರುದ್ರೇಶನೇ ಮುಖಂಡ.

ಮೊದಲನೆಯ ಪೂರಿ ಕರಡಿಗುಡ್ಡದ ನೆತ್ತಿ ದಾಟಿದ್ದನ್ನು ನಾವೆಲ್ಲ ನೋಡಿದೆವು. ಚೆನ್ನಾಜಿ ಒಲೆ ಆರಿಸಿದಳು. ಬಾಣಲೆ ತಣಿಯುವವರೆಗೆ ಕಾದು, ಸಾಬರು ಕೊಟ್ಟ ಸೀಗೇಪುಡಿಯಲ್ಲಿ ತಿಕ್ಕಿ ತೊಳೆದು, ತಾನೇ ಹೊತ್ತು ತಂದು ಬೀದಿಗೆ ಕಾಣುವಂತೆ ಜಗಲಿಯ ನಟ್ಟನಡುವೆ ಬೋರಲು ಹಾಕಿದಳು. ಹಾದುಹೋಗುವವರು ನಿಂತು ನೋಡಿದರು, ಯಾರೂ ಲೊಚಗುಟ್ಟಲಿಲ್ಲ. ಅವಳು ಅದರ ಪಕ್ಕದಲ್ಲೇ ಕೂತು ಸೆರಗಿನಿಂದ ಮುಖ ಒರೆಸಿಕೊಂಡಳು.

"ರೀ, ಆ ದುರ್ಬೀನನ್ನ ಬಂದೂಕಿಂದ ಬಿಚ್ಚೋಕೆ ಬರ್ತೈತಾ?"

"ಬರ್ತೈತೆ. ಯಾಕೆ?"

"ಬಂದೂಕು ಭಾರ. ಬೇಗ ಬಿಚ್ಚಿ, ಇನ್ನೂ ಕೆಲವು ಪೂರಿ ಗುಡ್ಡದ ಈಚೆಗೇ ಅವೆ."

ನಾನು ತಿರುಪುಳಿ ಹುಡುಕಲು ಒಳಗೆ ಓಡಿದೆ.